ಇಲಿ ಬಿದ್ದ ಊರು, ದೂರದ ಪ್ರಯೋಗಾಲಯ: ಬೈಲಹೊಂಗಲ–ಸವದತ್ತಿ ಸೀಮೆಯಲ್ಲಿ ರೋಗಪರೀಕ್ಷೆಯ ಚರಿತ್ರೆ

2020ರ ಮಾರ್ಚ್ ತಿಂಗಳ ಮಧ್ಯಭಾಗದಲ್ಲಿ ಕೊರೊನಾ ವೈರಾಣುವನ್ನು ಪತ್ತೆಹಚ್ಚಬಲ್ಲ ಪ್ರಯೋಗಾಲಯಗಳು ಕರ್ನಾಟಕದಲ್ಲಿ ಐದು ಇದ್ದವು. ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಒಂದು, ಅದೇ ನಗರದಲ್ಲಿರುವ ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕದಲ್ಲಿ ಇನ್ನೊಂದು. ಉಳಿದ ಮೂರು ಮೈಸೂರು, ಹಾಸನ ಮತ್ತು ಶಿವಮೊಗ್ಗದ ವೈದ್ಯಕೀಯ ಕಾಲೇಜುಗಳಲ್ಲಿ. ಈ ಐದು ಸ್ಥಳಗಳನ್ನು ಭೂಪಟದಲ್ಲಿ ಗುರುತಿಸಿದರೆ ಚರಿತ್ರೆಯ ವಿದ್ಯಾರ್ಥಿಗೆ ಒಂದು ಸಂಗತಿ ಕೂಡಲೇ ಕಣ್ಣಿಗೆ ಬೀಳುತ್ತದೆ. ಐದೂ ಹಳೆಯ ಮೈಸೂರು ಸಂಸ್ಥಾನದ ಎಲ್ಲೆಯೊಳಗೇ ಇದ್ದವು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಾಲ್ಕು ಕನ್ನಡ ಜಿಲ್ಲೆಗಳಲ್ಲಿ ಒಂದೂ ಇರಲಿಲ್ಲ, ನಿಜಾಮನ ಆಳ್ವಿಕೆಯಲ್ಲಿದ್ದ ಕನ್ನಡ ಸೀಮೆಯಲ್ಲಿಯೂ ಒಂದೂ ಇರಲಿಲ್ಲ. ಏಕೀಕರಣವಾಗಿ ಅರವತ್ತನಾಲ್ಕು ವರ್ಷಗಳಾಗುತ್ತ ಬಂದಿದ್ದರೂ ರೋಗವನ್ನು ಗುರುತಿಸುವ ಯಂತ್ರಗಳು ಮಾತ್ರ 1956ಕ್ಕಿಂತ ಹಿಂದಿನ ಗಡಿಗಳನ್ನು ದಾಟಿರಲಿಲ್ಲ.

ಇದರ ಪರಿಣಾಮ ಮೊದಲು ಕಾಣಿಸಿದ್ದು ಕಲಬುರಗಿಯಲ್ಲಿ. ಅಲ್ಲಿನ 76 ವರ್ಷದ ವೃದ್ಧರೊಬ್ಬರ ಮಾದರಿಯನ್ನು ಮಾರ್ಚ್ 9ರಂದು ತೆಗೆದು ಬೆಂಗಳೂರಿಗೆ ಕಳುಹಿಸಲಾಯಿತು. ಮರುದಿನ ರಾತ್ರಿ ಅವರು ತೀರಿಕೊಂಡರು. ಅವರಿಗೆ ಇದ್ದದ್ದು ಕೋವಿಡ್ ಎಂಬುದು ದೃಢಪಟ್ಟದ್ದು ಮಾರ್ಚ್ 12ರಂದು. ಭಾರತದಲ್ಲಿ ಈ ರೋಗದಿಂದ ಸಂಭವಿಸಿದ ಮೊದಲ ಸಾವು ಇದು. ಮಾದರಿ ಹೋದ ದಾರಿ ಉದ್ದವಾಗಿತ್ತು. ಉತ್ತರ ಬರುವ ಹೊತ್ತಿಗೆ ಕೇಳಬೇಕಾದವರೇ ಇರಲಿಲ್ಲ.

ಬೆಳಗಾವಿ ಜಿಲ್ಲೆಯ ಪೂರ್ವಕ್ಕೂ ಆಗ್ನೇಯಕ್ಕೂ ಚಾಚಿಕೊಂಡಿರುವ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಮಟ್ಟಿಗೆ ಈ ದೂರವು ಹೊಸತೇನೂ ಅಲ್ಲ. ಮಲಪ್ರಭೆಯ ಇಕ್ಕೆಲಗಳ ಈ ಕರಿನೆಲದ ಸೀಮೆಗೆ ರೋಗದ ಹೆಸರು ಹೇಳಬಲ್ಲ ಪ್ರಯೋಗಾಲಯ ನೂರಿಪ್ಪತ್ತು ವರ್ಷಗಳಿಂದಲೂ ದೂರದಲ್ಲಿಯೇ ಇತ್ತು. ಸರಕಾರವು ಆ ದೂರವನ್ನು ಯಾವಾಗ, ಹೇಗೆ, ಎಷ್ಟರಮಟ್ಟಿಗೆ ಕಡಿಮೆ ಮಾಡಿತು ಮತ್ತು ಜನರು ಪರೀಕ್ಷೆಗೆ ಯಾವಾಗ ಮೈಯೊಡ್ಡಿದರು, ಯಾವಾಗ ಮುಖ ತಿರುಗಿಸಿದರು ಎಂಬುದನ್ನು ಅರಿಯಬೇಕಾದರೆ ಪ್ಲೇಗಿನ ಕಾಲಕ್ಕೆ ಹೋಗಬೇಕಾಗುತ್ತದೆ.

1896ರಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುಹಳಿಯ ಜೊತೆಗೆ ಒಳನಾಡಿಗೆ ಇಳಿಯಿತು. ಅದಾಗಲೇ ಪುಣೆ, ಮೀರಜ, ಬೆಳಗಾವಿ, ಲೋಂಡಾ, ಧಾರವಾಡ, ಹುಬ್ಬಳ್ಳಿಗಳನ್ನು ದಕ್ಷಿಣ ಮರಾಠಾ ರೈಲ್ವೆ ಜೋಡಿಸಿತ್ತು. 1898ರ ಹೊತ್ತಿಗೆ ಹುಬ್ಬಳ್ಳಿ ತತ್ತರಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ರೋಗವು ಬೆಂಗಳೂರನ್ನು ಮುಟ್ಟಿದ್ದೂ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂದವರ ಮೂಲಕವೇ. ಈಗಿನ ನಾಲ್ಕು ತಾಲೂಕುಗಳು ಆಗ ಮೂರು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಬೈಲಹೊಂಗಲ ಮತ್ತು ಕಿತ್ತೂರು ಸಂಪಗಾಂವ ತಾಲೂಕಿನಲ್ಲಿದ್ದವು, ಸವದತ್ತಿಯು ಪರಸಗಡ ತಾಲೂಕಿನ ಕೇಂದ್ರವಾಗಿತ್ತು. ರಾಮದುರ್ಗವು ಬ್ರಿಟಿಷ್ ಜಿಲ್ಲೆಯ ಭಾಗವೇ ಆಗಿರಲಿಲ್ಲ. ಭಾವೆ ಮನೆತನದ ಅರಸರ ಪುಟ್ಟ ಸಂಸ್ಥಾನವದು. ರೋಗಕ್ಕೆ ಈ ಗೆರೆಗಳ ಹಂಗಿರಲಿಲ್ಲ, ಕಾನೂನಿಗೆ ಇತ್ತು. 1897ರ ಫೆಬ್ರುವರಿಯಲ್ಲಿ ಅಂಗೀಕಾರವಾದ ಸಾಂಕ್ರಾಮಿಕ ರೋಗಗಳ ಅಧಿನಿಯಮವು ಬ್ರಿಟಿಷ್ ಭಾರತದ ಕಾಯಿದೆ. ಬೈಲಹೊಂಗಲದ ಸಂತೆಗೂ ಸವದತ್ತಿಯ ಜಾತ್ರೆಗೂ ಅದು ಅನ್ವಯವಾಗುತ್ತಿತ್ತು. ಕೆಲವು ಹರದಾರಿ ಆಚೆಗಿನ ರಾಮದುರ್ಗದಲ್ಲಿ ಸಂಸ್ಥಾನದ ಆಜ್ಞೆಯೇ ನಡೆಯಬೇಕಿತ್ತು.

ಆ ಅಧಿನಿಯಮ ಕೆಲವೇ ಸೆಕ್ಷನ್ನುಗಳ ಚಿಕ್ಕ ಕಾಯಿದೆ. ಅಪಾಯಕಾರಿ ಸಾಂಕ್ರಾಮಿಕವೊಂದು ಹರಡಿದಾಗ ಸರಕಾರವು ತನಗೆ ಅಗತ್ಯವೆಂದು ತೋರಿದ ನಿಯಮಗಳನ್ನು ಮಾಡಬಹುದು, ರೈಲು ಪ್ರಯಾಣಿಕರನ್ನು ತಪಾಸಣೆ ಮಾಡಬಹುದು, ಸೋಂಕಿನ ಶಂಕೆಯಿರುವವರನ್ನು ಬೇರ್ಪಡಿಸಿ ಇರಿಸಬಹುದು ಎಂಬುದು ಅದರ ತಿರುಳು. ಇಲ್ಲಿ ತಪಾಸಣೆ ಎಂಬ ಪದಕ್ಕೆ ಇದ್ದ ಅರ್ಥವನ್ನು ಗಮನಿಸಬೇಕು. ರಕ್ತವನ್ನೋ ಗಂಟಲ ದ್ರವವನ್ನೋ ತೆಗೆದು ಸೂಕ್ಷ್ಮದರ್ಶಕದಡಿ ಇಡುವ ಪರೀಕ್ಷೆ ಅದಾಗಿರಲಿಲ್ಲ. ನಿಲ್ದಾಣದಲ್ಲಿ ಪ್ರಯಾಣಿಕರನ್ನು ಸಾಲಾಗಿ ನಿಲ್ಲಿಸಿ ಮೈ ಬಿಸಿಯಿದೆಯೇ ಎಂದು ನೋಡುವುದು, ಕಂಕುಳು ಮತ್ತು ತೊಡೆಸಂದಿಗಳನ್ನು ಮುಟ್ಟಿ ಗಂಟು ಎದ್ದಿದೆಯೇ ಎಂದು ಹುಡುಕುವುದು, ಮನೆಗೆ ನುಗ್ಗಿ ಕಾಯಿಲೆಯವರನ್ನೂ ಹೆಣವನ್ನೂ ಪರಿಶೀಲಿಸುವುದು – ಇದು ಅಂದಿನ ಪರೀಕ್ಷೆ. ಹೆಂಗಸರ ವಿಷಯದಲ್ಲಿ ಇದು ಎಂಥ ಆಕ್ರೋಶಕ್ಕೆ ಕಾರಣವಾಯಿತೆಂಬುದನ್ನು ಪುಣೆಯ ಚರಿತ್ರೆ ಬಲ್ಲವರಿಗೆ ವಿವರಿಸಬೇಕಿಲ್ಲ. 1897ರ ಜೂನ್ 22ರ ರಾತ್ರಿ ಚಾಪೇಕರ ಸೋದರರು ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿಸಿದರು. ಮರುವರ್ಷದ ಮಾರ್ಚ್ 9ರಂದು ಮುಂಬಯಿಯಲ್ಲಿಯೂ ಗಲಭೆಯಾಯಿತು. ಸಾವಾದ ಮನೆಗಳ ಗೋಡೆಯ ಮೇಲೆ ಕೆಂಪು ವೃತ್ತವನ್ನು ಬರೆಯುತ್ತಿದ್ದ ಮುಂಬಯಿಯ ಪದ್ಧತಿಯು ಜನರನ್ನು ಬೆದರಿಸಿತೇ ಹೊರತು ರೋಗವನ್ನು ತಡೆಯಲಿಲ್ಲ.

ಪ್ಲೇಗಿನ ಅಣುಜೀವಿ ಯಾವುದೆಂದು ಆ ಹೊತ್ತಿಗೆ ತಿಳಿದಿತ್ತು. 1894ರಲ್ಲಿಯೇ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಅದನ್ನು ಗುರುತಿಸಿದ್ದನು. ಆದರೆ ಆ ಜ್ಞಾನವನ್ನು ಉಪಯೋಗಿಸಿ ಪರೀಕ್ಷಿಸುವ ಸೌಲಭ್ಯ ಇದ್ದದ್ದು ಮುಂಬಯಿಯಲ್ಲಿ. ವಾಲ್ಡೆಮಾರ್ ಹಾಫ್‌ಕಿನ್ 1896ರಲ್ಲಿ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಆರಂಭಿಸಿದ ಪ್ರಯೋಗಾಲಯವು 1899ರಲ್ಲಿ ಪರೇಲ್‌ನ ಹಳೆಯ ಗವರ್ನರ್ ಬಂಗಲೆಗೆ ಸ್ಥಳಾಂತರವಾಯಿತು. ಬೆಳಗಾವಿಯಿಂದ ಅದು ಹೆಚ್ಚುಕಡಿಮೆ ಐನೂರು ಕಿಲೋಮೀಟರ್. ಸಂಪಗಾಂವ ತಾಲೂಕಿನ ಒಂದು ಹಳ್ಳಿಯಲ್ಲಿ ಸತ್ತವರು ಪ್ಲೇಗಿನಿಂದ ಸತ್ತರೇ ಬೇರೆ ಜ್ವರದಿಂದ ಸತ್ತರೇ ಎಂಬುದನ್ನು ಪರೇಲ್ ಹೇಳಲಾರದಾಗಿತ್ತು. ಪಾಟೀಲ–ಕುಲಕರ್ಣಿಗಳ ವರದಿಯೇ ಸರಕಾರದ ಕಣ್ಣು.

ಹಳ್ಳಿಗರ ಬಳಿ ಬೇರೊಂದು ಪರೀಕ್ಷೆಯಿತ್ತು. ಇಲಿ ಬೀಳುವುದು. ಮಾಡಿನಿಂದ, ಅಟ್ಟದಿಂದ, ಹಗೇವಿನ ಬದಿಯಿಂದ ಇಲಿಯೊಂದು ತೂರಾಡುತ್ತ ಬಂದು ಹಾಡುಹಗಲೇ ನೆಲಕ್ಕೆ ಬಿದ್ದು ಸತ್ತರೆ ಊರು ಬಿಡುವ ಹೊತ್ತು ಬಂತೆಂದು ಅರ್ಥ. ಕಾಳುಕಡಿ ಕಟ್ಟಿಕೊಂಡು, ದನಕರುಗಳನ್ನು ಹೊಡೆದುಕೊಂಡು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದು ಬರುವ ಪದ್ಧತಿ ಮೈಸೂರು ಸೀಮೆಯಲ್ಲಿಯೂ ಮುಂಬಯಿ ಕರ್ನಾಟಕದಲ್ಲಿಯೂ ಸಮಾನವಾಗಿತ್ತು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಕಾದಂಬರಿಗಳಿಂದ ಪರಿಚಿತವಾದ ಚಿತ್ರ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದಲ್ಲಿ ಊರಿಗೆ ಊರೇ ಬಯಲಿನ ಗುಡಿಸಲುಗಳಿಗೆ ಹೋಗುತ್ತದೆ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಸತ್ತ ಇಲಿಗಳು ಅಗ್ರಹಾರದ ಕಣ್ಣೆದುರಿಗೇ ಇವೆ, ಆದರೆ ಹೆಣದ ಸಂಸ್ಕಾರದ ತಕರಾರಿನಲ್ಲಿ ಮುಳುಗಿದವರು ಆ ಸೂಚನೆಯನ್ನು ಓದುವುದೇ ಇಲ್ಲ. ವಿಮರ್ಶೆಯು ಈ ಕೃತಿಯ ಧರ್ಮಸಂಕಟವನ್ನು ಎಷ್ಟು ಚರ್ಚಿಸಿದೆಯೋ ಅಷ್ಟರಮಟ್ಟಿಗೆ ಅದರ ಇಲಿಗಳನ್ನು ಚರ್ಚಿಸಿಲ್ಲ ಎಂಬುದು ಸೋಜಿಗ. ಹಳ್ಳಿಗಾಡಿನ ಯಾವ ರೈತನೂ ಅರ್ಥಮಾಡಿಕೊಳ್ಳುತ್ತಿದ್ದ ಸಂಜ್ಞೆಯನ್ನು ಶಾಸ್ತ್ರ ಬಲ್ಲವರು ಅರಿಯದೆ ಹೋದರು ಎಂಬುದೇ ಆ ಕಾದಂಬರಿಯ ಒಂದು ವ್ಯಂಗ್ಯ.

ಈ ಜಾನಪದ ಪರೀಕ್ಷೆಗೆ ವಿಜ್ಞಾನದ ಮುದ್ರೆ ಬಿದ್ದದ್ದು ಸ್ವಲ್ಪ ತಡವಾಗಿ. ಇಲಿಯ ಚಿಗಟವು ರೋಗವನ್ನು ಒಯ್ಯುತ್ತದೆಂದು 1898ರಲ್ಲಿ ಪೌಲ್ ಲೂಯಿ ಸಿಮೊಂಡ್ ಹೇಳಿದಾಗ ನಂಬಿದವರು ಕಡಿಮೆ. 1905ರಲ್ಲಿ ಭಾರತ ಸಚಿವಾಲಯ, ರಾಯಲ್ ಸೊಸೈಟಿ ಮತ್ತು ಲಿಸ್ಟರ್ ಸಂಸ್ಥೆಗಳು ಕೂಡಿ ಪ್ಲೇಗ್ ಸಂಶೋಧನೆಯನ್ನು ಹೊಸದಾಗಿ ಆರಂಭಿಸಿದವು. ಪರೇಲ್‌ನಲ್ಲಿ ಗ್ಲೆನ್ ಲಿಸ್ಟನ್ ಮೊದಲಾದವರ ಪ್ರಯೋಗಗಳಿಂದ ಇಲಿ–ಚಿಗಟ–ಮನುಷ್ಯ ಎಂಬ ಸರಣಿ ಸ್ಥಿರಪಟ್ಟಿತು. ಈ ಸಂಶೋಧನೆಯ ಒಂದು ಕ್ಷೇತ್ರವಾಗಿ ಆಯ್ಕೆಯಾದ ಊರು ಬೆಳಗಾವಿ. ಅಲ್ಲಿನ ಇಲಿಗಳ ಮತ್ತು ಮನುಷ್ಯರ ಪ್ಲೇಗನ್ನು ಕುರಿತ ಅವಲೋಕನಗಳು 1910ರಲ್ಲಿ ‘ಜರ್ನಲ್ ಆಫ್ ಹೈಜೀನ್’ ಪತ್ರಿಕೆಯಲ್ಲಿ ಅಚ್ಚಾದವು. ಈ ಸೀಮೆಯಲ್ಲಿ ಸರಕಾರದ ಹಣದಿಂದ, ನಿಯತವಾಗಿ, ರೋಗಪತ್ತೆಯ ಉದ್ದೇಶದಿಂದ ನಡೆದ ಆರಂಭಕಾಲದ ಪರೀಕ್ಷಾಕಾರ್ಯಗಳಲ್ಲಿ ಇದಕ್ಕೆ ಮುಖ್ಯ ಸ್ಥಾನವಿದೆ. ಪರೀಕ್ಷೆಗೆ ಒಳಗಾದವು ಮಾತ್ರ ಇಲಿಗಳು.

ಆ ಸಂಶೋಧಕರು ಕಂಡ ಎರಡು ಸಂಗತಿಗಳು ಇಲ್ಲಿ ಮುಖ್ಯ. ಇಲಿಗಳಲ್ಲಿ ಪ್ಲೇಗು ಎದ್ದ ಸುಮಾರು ಹತ್ತರಿಂದ ಹದಿನಾಲ್ಕು ದಿನಗಳ ತರುವಾಯ ಮನುಷ್ಯರಲ್ಲಿ ಅದು ಕಾಣಿಸಿಕೊಳ್ಳುತ್ತದೆ ಎಂಬುದು ಒಂದು. ಹಾಗಾದರೆ ಇಲಿ ಬಿದ್ದೊಡನೆ ಊರು ಬಿಡುತ್ತಿದ್ದ ರೈತನಿಗೆ ಎರಡು ವಾರಗಳ ಮುನ್ಸೂಚನೆ ದೊರೆಯುತ್ತಿತ್ತು. ಯಾವ ಸರಕಾರಿ ತಪಾಸಣೆಯೂ ಅವನಿಗೆ ಅಷ್ಟು ಸಮಯವನ್ನು ಕೊಟ್ಟಿರಲಿಲ್ಲ. ಸತ್ತ ಇಲಿಯನ್ನು ಸೀಳಿ ಕೊರಳ ಗಂಟು, ಯಕೃತ್ತಿನ ಮೇಲಿನ ಚುಕ್ಕೆಗಳು, ಎದೆಗೂಡಿನ ನೀರು ಇವುಗಳನ್ನು ಬರಿಗಣ್ಣಿನಿಂದ ನೋಡಿದರೂ ಪ್ಲೇಗನ್ನು ನಂಬಲರ್ಹವಾಗಿ ಗುರುತಿಸಬಹುದು ಎಂಬುದು ಇನ್ನೊಂದು. ಎಂದರೆ ಪರೇಲ್ ತನಕ ಹೋಗದೆಯೇ, ತರಬೇತಾದ ಒಬ್ಬ ನೌಕರ ತಾಲೂಕಿನಲ್ಲಿಯೇ ಉತ್ತರ ಹೇಳಬಹುದಿತ್ತು.

ಹೀಗಿದ್ದೂ ಇಲಿ ಹಿಡಿಯುವ ಕಾರ್ಯ ಸುಲಭವಾಗಿ ಸಾಗಲಿಲ್ಲ. ಜೈನರೂ ಸೇರಿದಂತೆ ಮುಂಬಯಿ ಪ್ರಾಂತದ ಹಲವು ಸಮುದಾಯಗಳು ಪ್ರಾಣಿವಧೆಗೆ ಒಪ್ಪಲಿಲ್ಲ. ಇದನ್ನು ಅಂದಿನ ಅಧಿಕಾರಿಗಳು ಮೂಢನಂಬಿಕೆಯೆಂದು ಬರೆದು ಮುಗಿಸಿದರು. ಅಹಿಂಸೆಯನ್ನು ಅಣುವ್ರತವಾಗಿ ಸ್ವೀಕರಿಸಿದ ಗೃಹಸ್ಥನೊಬ್ಬನಿಗೆ ಬೋನಿನಲ್ಲಿ ಸಿಕ್ಕ ಇಲಿಯನ್ನು ಕೊಲ್ಲಲು ಒಪ್ಪಿಸುವುದು ಎಂಥ ಇಕ್ಕಟ್ಟೆಂದು ಅವರಿಗೆ ತಿಳಿಯಬೇಕಾದ ಕಾರಣವೂ ಇರಲಿಲ್ಲ. ಆದರೆ ತಾನಾಗಿ ಬಿದ್ದು ಸತ್ತ ಇಲಿಯ ವಿಷಯದಲ್ಲಿ ಈ ತೊಡಕು ಏಳುವುದಿಲ್ಲ. ಅದನ್ನು ಕಂಡು ಊರು ಬಿಡುವುದಕ್ಕೆ ಯಾವ ವ್ರತವೂ ಅಡ್ಡ ಬರುತ್ತಿರಲಿಲ್ಲ. ಜನರು ತಮ್ಮ ಪರೀಕ್ಷೆಯನ್ನು ನಂಬಿ ಸರಕಾರದ ಪರೀಕ್ಷೆಯನ್ನು ದೂರವಿಟ್ಟದ್ದಕ್ಕೆ ಇನ್ನೂ ಸರಳವಾದ ಕಾರಣವೊಂದಿದೆ. ಇಲಿ ಬಿದ್ದ ಮೇಲೆ ಏನು ಮಾಡಬೇಕೆಂಬುದು ಮನೆಯ ಹಿರಿಯರ ಕೈಯಲ್ಲಿತ್ತು, ಸಂಸಾರ ಒಟ್ಟಾಗಿ ಹೊಲಕ್ಕೆ ಹೋಗುತ್ತಿತ್ತು. ಸರಕಾರಿ ತಪಾಸಣೆಯಲ್ಲಿ ಗಂಟು ಸಿಕ್ಕಿದರೆ ಕಾಯಿಲೆಯವರು ಒಂದು ಕಡೆಗೆ, ಮನೆಯವರು ಇನ್ನೊಂದು ಕಡೆಗೆ.

ಸರಕಾರವೂ ಪಾಠ ಕಲಿಯಲಿಲ್ಲವೆಂದಲ್ಲ. ಹುಬ್ಬಳ್ಳಿಯಲ್ಲಿ 1898ರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹಾಫ್‌ಕಿನ್‌ನ ಲಸಿಕೆ ಹಾಕಿಸಿಕೊಂಡರು. ಪುಣೆಯ ಘಟನೆಗಳ ನಂತರ ಒತ್ತಾಯದ ಕ್ರಮಗಳು ನಿಧಾನವಾಗಿ ಸಡಿಲಗೊಂಡವು. ಆದರೂ ಈ ದೇಶದಲ್ಲಿ ಪ್ಲೇಗು ಮೊದಲ ಮೂರು ದಶಕಗಳಲ್ಲಿ ಬಲಿತೆಗೆದುಕೊಂಡದ್ದು ಒಂದು ಕೋಟಿಗೂ ಮೀರಿದ ಜೀವಗಳನ್ನು.

1918ರ ಇನ್‌ಫ್ಲುಯೆಂಜಾದ ವಿಷಯದಲ್ಲಿ ಪರೀಕ್ಷೆಯ ಮಾತೇ ಬರುವುದಿಲ್ಲ. ಆ ರೋಗದ ವೈರಾಣುವನ್ನು ಮನುಷ್ಯರಿಂದ ಪ್ರತ್ಯೇಕಿಸಿದ್ದು 1933ರಲ್ಲಿ. ಹೆಸರು ಗೊತ್ತಿಲ್ಲದ ರೋಗದಿಂದ, ಕೆಲವೇ ವಾರಗಳಲ್ಲಿ, ಈ ದೇಶದ ಕೋಟಿಗೂ ಹೆಚ್ಚು ಜನ ಸತ್ತರು. ಎಷ್ಟು ಜನ ಎಂಬ ಲೆಕ್ಕ ಸಿಕ್ಕಿದ್ದು ಬಹುಮಟ್ಟಿಗೆ 1921ರ ಜನಗಣತಿಯಲ್ಲಿ ಕಾಣೆಯಾದವರಿಂದ.

1948ರಲ್ಲಿ ರಾಮದುರ್ಗ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆರೋಗ್ಯ ಇಲಾಖೆಯ ಕಾಗದಪತ್ರಗಳು ಮುಂಬಯಿಯ ಬದಲು ಬೆಂಗಳೂರಿಗೆ ಹೋಗತೊಡಗಿದವು. ಬೆಳಗಾವಿಯಿಂದ ಬೆಂಗಳೂರು ಕೂಡ ಹೆಚ್ಚುಕಡಿಮೆ ಐನೂರು ಕಿಲೋಮೀಟರ್ ಎಂಬುದು ಭೂಗೋಳದ ಒಂದು ಚೇಷ್ಟೆ. ದಿಕ್ಕು ಬದಲಾಯಿತು, ದೂರ ಅಷ್ಟೇ ಉಳಿಯಿತು. ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ಸಾರ್ವಜನಿಕ ಆರೋಗ್ಯದ ಪರಂಪರೆಯಿತ್ತು. 1920ರ ದಶಕದ ಕೊನೆಯಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಅದು ಗ್ರಾಮಾಂತರ ಆರೋಗ್ಯ ಘಟಕಗಳನ್ನೂ ಪ್ರಯೋಗಿಸಿತ್ತು. ಮುಂಬಯಿ ಪ್ರಾಂತದ ದಕ್ಷಿಣ ತುದಿಗೆ ಅಂಥ ಯಾವುದೂ ದಕ್ಕಿರಲಿಲ್ಲ. ಬೆಳಗಾವಿಯ ಟಿಳಕವಾಡಿಯಲ್ಲಿ ಸಿಡುಬಿನ ಲಸಿಕೆಯ ಸಂಸ್ಥೆಯಿತ್ತು. ಇಂದಿಗೂ ಜನ ಆ ಮೈದಾನವನ್ನು ವ್ಯಾಕ್ಸಿನ್ ಡಿಪೋ ಎಂದೇ ಕರೆಯುತ್ತಾರೆ. ಲಸಿಕೆ ಇಲ್ಲಿಂದ ಹೊರಗೆ ಹೋಗುತ್ತಿತ್ತು, ರೋಗ ಯಾವುದೆಂದು ತಿಳಿಯಬೇಕಾದರೆ ಮಾತ್ರ ಮಾದರಿಯು ಇಲ್ಲಿಂದ ಹೊರಡಬೇಕಿತ್ತು.

ಕೋವಿಡ್ ಬಂದಾಗ ಕರ್ನಾಟಕ ಸರಕಾರವು 2020ರ ಮಾರ್ಚ್ 11ರಂದು ಹೊರಡಿಸಿದ ವಿನಿಯಮಗಳಿಗೆ ಆಧಾರವಾದದ್ದು ಅದೇ 1897ರ ಅಧಿನಿಯಮ. ಪುಣೆಯ ಮನೆಗಳನ್ನು ಶೋಧಿಸಲು ಬಳಸಿದ ಕಾಯಿದೆಯೇ ಕಿತ್ತೂರಿನ ಬಸ್ ನಿಲ್ದಾಣಕ್ಕೂ ಅನ್ವಯವಾಯಿತು. ರಾಮದುರ್ಗಕ್ಕೂ ಈ ಬಾರಿ ವಿನಾಯಿತಿ ಇರಲಿಲ್ಲ.

ಏಪ್ರಿಲ್ 3ರಂದು ಬೆಳಗಾವಿ ಜಿಲ್ಲೆಯ ಮೊದಲ ಮೂರು ಪ್ರಕರಣಗಳು ದೃಢಪಟ್ಟವು. ಆ ಮಾದರಿಗಳನ್ನು ಪರೀಕ್ಷಿಸಿದ್ದು ಜಿಲ್ಲೆಯ ಹೊರಗೆ. ಅದೇ ತಿಂಗಳಿನಲ್ಲಿ ಬೆಳಗಾವಿಯ ರಾಷ್ಟ್ರೀಯ ಪಾರಂಪರಿಕ ವೈದ್ಯಪದ್ಧತಿ ಸಂಸ್ಥೆಯಲ್ಲಿ ಪರೀಕ್ಷೆ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2006ರಲ್ಲಿ ಪ್ರಾದೇಶಿಕ ಸಂಶೋಧನಾ ಕೇಂದ್ರವಾಗಿ ತೆರೆದ ಈ ಸಂಸ್ಥೆಯ ಮುಖ್ಯ ಕೆಲಸ ಪಶ್ಚಿಮಘಟ್ಟದ ಔಷಧೀಯ ಸಸ್ಯಗಳ ಅಧ್ಯಯನ. ಸಸ್ಯಗಳ ವಂಶವಾಹಿಯನ್ನು ಓದಲು ಬಳಸುವ ವಿಧಾನಗಳೂ ವೈರಾಣುವನ್ನು ಪತ್ತೆ ಮಾಡುವ ವಿಧಾನಗಳೂ ಬಹುಮಟ್ಟಿಗೆ ಒಂದೇ ತಂತ್ರಜ್ಞಾನಕ್ಕೆ ಸೇರಿದವು. ಅಷ್ಟರಮಟ್ಟಿಗೆ ಬೆಳಗಾವಿ ಅದೃಷ್ಟಶಾಲಿ. ಹುಬ್ಬಳ್ಳಿಯ ಕಿಮ್ಸ್‌ನಲ್ಲಿಯೂ ಏಪ್ರಿಲ್‌ನಲ್ಲಿಯೇ ಪ್ರಯೋಗಾಲಯ ತೆರೆಯಿತು, ಬೆಳಗಾವಿಯ ಬಿಮ್ಸ್‌ಗೆ ಆ ಸೌಲಭ್ಯ ನಂತರ ಬಂತು. ರಾಜ್ಯದಲ್ಲಿ ಮೇ ತಿಂಗಳು ಮುಗಿಯುವಷ್ಟರಲ್ಲಿ ಅರವತ್ತು ಪ್ರಯೋಗಾಲಯಗಳನ್ನು ಸಜ್ಜುಗೊಳಿಸುವ ಗುರಿಯನ್ನು ಸರಕಾರ ಇಟ್ಟುಕೊಂಡು ಅದನ್ನು ಮುಟ್ಟಿತು. ಐದರಿಂದ ಅರವತ್ತಕ್ಕೆ ಎರಡೂವರೆ ತಿಂಗಳು. ಅರವತ್ತು ವರ್ಷಗಳಲ್ಲಿ ಆಗದ್ದು ಭಯದ ಎಪ್ಪತ್ತು ದಿನಗಳಲ್ಲಿ ಆಯಿತೆಂಬುದನ್ನು ಮೆಚ್ಚಬೇಕೋ, ಹಾಗಾದರೆ ಮೊದಲೇ ಏಕೆ ಆಗಲಿಲ್ಲವೆಂದು ಕೇಳಬೇಕೋ ಓದುಗರೇ ನಿರ್ಧರಿಸಬಹುದು.

ಹಣದ ಬೆಂಬಲವೂ ಬಂತು. ಕೇಂದ್ರ ಸಂಪುಟವು 2020ರ ಏಪ್ರಿಲ್ 22ರಂದು 15,000 ಕೋಟಿ ರೂಪಾಯಿಗಳ ತುರ್ತು ಸ್ಪಂದನ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಪ್ರಯೋಗಾಲಯದ ಒಂದು ಪರೀಕ್ಷೆಗೆ ಮಾರ್ಚ್‌ನಲ್ಲಿ ನಿಗದಿಯಾಗಿದ್ದ ಗರಿಷ್ಠ ದರ 4,500 ರೂಪಾಯಿ. ಕಬ್ಬು ಕಡಿಯುವ, ಹತ್ತಿ ಬಿಡಿಸುವ ಕೂಲಿಯವರಿಗೆ ಅದು ಹಲವು ವಾರಗಳ ದುಡಿಮೆ. ಎಲ್ಲರಿಗೂ ಪರೀಕ್ಷೆ ಉಚಿತವಾಗಿರಲಿ ಎಂದು ಸರ್ವೋಚ್ಚ ನ್ಯಾಯಾಲಯವು ಏಪ್ರಿಲ್ 8ರಂದು ಹೇಳಿ, ಐದು ದಿನಗಳ ತರುವಾಯ ಆ ಆದೇಶವನ್ನು ಆಯುಷ್ಮಾನ್ ಯೋಜನೆಯ ಫಲಾನುಭವಿಗಳಿಗೆ ಮತ್ತು ಆರ್ಥಿಕವಾಗಿ ದುರ್ಬಲರಾದವರಿಗೆ ಸೀಮಿತಗೊಳಿಸಿತು. ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಗೆ ಶುಲ್ಕವಿರಲಿಲ್ಲ. ಹೀಗಾಗಿ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಜನರಿಗೆ ಸರಕಾರಿ ಆಸ್ಪತ್ರೆಯೇ ಗತಿಯಾಯಿತು.

ತಾಲೂಕಿನಲ್ಲಿ ಆಗುತ್ತಿದ್ದದ್ದು ಮಾದರಿ ಸಂಗ್ರಹ ಮಾತ್ರ. ಗಂಟಲು ಮತ್ತು ಮೂಗಿನ ದ್ರವವನ್ನು ಕಡ್ಡಿಯಿಂದ ತೆಗೆದು, ದ್ರಾವಣವಿರುವ ಸಣ್ಣ ಕೊಳವೆಯಲ್ಲಿಟ್ಟು, ಮುಚ್ಚಳ ಭದ್ರಪಡಿಸಿ, ಐಸ್ ಪ್ಯಾಕುಗಳಿರುವ ಪೆಟ್ಟಿಗೆಯಲ್ಲಿ ವಾಹನ ಹತ್ತಿಸಬೇಕು. ಬೈಲಹೊಂಗಲ ಮತ್ತು ಹೆದ್ದಾರಿಯ ಮೇಲಿರುವ ಕಿತ್ತೂರುಗಳಿಗೆ ಬೆಳಗಾವಿ ಒಂದು ಗಂಟೆಯ ದಾರಿ. ರಾಮದುರ್ಗದ ಪೆಟ್ಟಿಗೆ ನೂರು ಕಿಲೋಮೀಟರಿನಷ್ಟು ಸಾಗಬೇಕು. ಸವದತ್ತಿಗೆ ಧಾರವಾಡವೇ ಸಮೀಪ, ಬೆಳಗಾವಿ ಅದರ ಎರಡು ಪಟ್ಟು ದೂರ. ಆದರೆ ಆಡಳಿತದ ಎಣಿಕೆಯಲ್ಲಿ ಘಟಕವೆಂದರೆ ಜಿಲ್ಲೆ. ಈ ಜಿಲ್ಲಾಗಡಿಯ ಮೂಲ 1836ರಲ್ಲಿದೆ. ಅಲ್ಲಿಯವರೆಗೆ ಒಂದಾಗಿದ್ದ ಧಾರವಾಡ ಕಲೆಕ್ಟರೇಟನ್ನು ಒಡೆದು ಬೆಳಗಾವಿಯನ್ನು ಬೇರೆ ಮಾಡಿದ್ದು ಕಂದಾಯ ವಸೂಲಿಯ ಅನುಕೂಲಕ್ಕಾಗಿ. ಅಂದು ಭೂಕಂದಾಯಕ್ಕಾಗಿ ಎಳೆದ ಗೆರೆಯು ಇಂದು ಗಂಟಲ ದ್ರವದ ದಾರಿಯನ್ನು ನಿರ್ಧರಿಸುತ್ತದೆ.

ಇಲ್ಲಿ ಒಂದು ಪದದ ವಿಚಾರ. ಹಳಗನ್ನಡ ಮತ್ತು ನಡುಗನ್ನಡದಲ್ಲಿ ‘ಸೋಂಕು’ ಎಂದರೆ ಮುಟ್ಟು, ತಾಗು, ಸ್ಪರ್ಶ. ಗಾಳಿ ಸೋಂಕುತ್ತಿತ್ತು, ಪ್ರಿಯರ ಮೈ ಸೋಂಕುತ್ತಿತ್ತು. ಸುಖದ ಸಂದರ್ಭಕ್ಕೂ ಆ ಪದ ಸಲ್ಲುತ್ತಿತ್ತು. ಅಂಟುಜಾಡ್ಯದ ಅರ್ಥವೇ ಮುಖ್ಯವಾಗಿ, ಉಳಿದ ಅರ್ಥಗಳು ನಿಘಂಟಿಗೆ ಸರಿದದ್ದು ಆಧುನಿಕ ಕಾಲದಲ್ಲಿ. 2020ರಲ್ಲಿ ಅದರಿಂದ ‘ಸೋಂಕಿತ’ ಎಂಬ ನಾಮಪದವೊಂದು ದಿನಪತ್ರಿಕೆಗಳ ತಲೆಬರಹವನ್ನು ಆಕ್ರಮಿಸಿತು. ‘ರೋಗಿ’ ಎಂಬಲ್ಲಿ ಆರೈಕೆಯ ಅಗತ್ಯವಿರುವ ಒಬ್ಬ ಮನುಷ್ಯನಿದ್ದಾನೆ; ‘ಸೋಂಕಿತ’ ಎಂಬಲ್ಲಿ ದೂರವಿರಬೇಕಾದ ಒಂದು ಮೈ ಮಾತ್ರ ಉಳಿಯುತ್ತದೆ. ಆಡುಮಾತಿನಲ್ಲಿ ‘ಪಾಸಿಟಿವ್ ಬಂತು’ ಎಂಬ ಪ್ರಯೋಗವು ಜ್ವರ ಬಂತು, ಬರ ಬಂತು ಎಂಬವುಗಳ ಸಾಲಿಗೆ ಸೇರಿಕೊಂಡಿತು.

ಪಾಸಿಟಿವ್ ಬಂದರೆ ಮುಂದೇನು ಎಂಬ ಪ್ರಶ್ನೆಯೇ 1897ರಂತೆ ಈಗಲೂ ಜನರ ವರ್ತನೆಯನ್ನು ನಿರ್ಧರಿಸಿತು. ಆರಂಭದ ತಿಂಗಳುಗಳಲ್ಲಿ ಓಣಿಗೆ ಓಣಿಯೇ ಸೀಲ್‌ಡೌನ್ ಆಗುತ್ತಿತ್ತು. ಬೊಂಬು, ತಗಡುಗಳಿಂದ ದಾರಿ ಮುಚ್ಚಿ, ಮನೆಬಾಗಿಲಿಗೆ ಭಿತ್ತಿಪತ್ರ ಅಂಟಿಸಿ, ಕ್ವಾರಂಟೈನ್‌ನಲ್ಲಿರುವವರ ಕೈಗೆ ಮುದ್ರೆ ಒತ್ತುತ್ತಿದ್ದರು. ಮನೆಗೆ ಆಂಬ್ಯುಲೆನ್ಸ್ ಬಂದು ನಿಂತದ್ದನ್ನು ಇಡೀ ಓಣಿ ನೋಡುತ್ತಿತ್ತು. ಅಂಥ ಭಿತ್ತಿಪತ್ರ ಹಚ್ಚುವ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2020ರ ಡಿಸೆಂಬರ್ 9ರಂದು, ಮೊದಲ ಅಲೆ ಇಳಿದ ಮೇಲೆ. ಮುಂಬಯಿಯ ಕೆಂಪು ವೃತ್ತಕ್ಕೂ ಈ ಭಿತ್ತಿಪತ್ರಕ್ಕೂ ನಡುವೆ ಒಂದು ಶತಮಾನಕ್ಕಿಂತ ಹೆಚ್ಚಿನ ಅಂತರವಿದೆ. ಎರಡರ ಫಲವೂ ಒಂದೇ: ಕೆಮ್ಮು ಬಂದವರು ಕೆಮ್ಮನ್ನು ಅಡಗಿಸಿದರು.

ಈ ಭಯದ ಮತ್ತು ಸರಕಾರದ ಆದೇಶದ ನಡುವೆ ನಿಂತವರು ಆಶಾ ಕಾರ್ಯಕರ್ತೆಯರು. ಯಾರ ಮನೆಗೆ ಊರಿನಿಂದಾಚೆಯವರು ಬಂದಿದ್ದಾರೆ, ಯಾರಿಗೆ ಜ್ವರವಿದೆ ಎಂಬ ಪಟ್ಟಿ ಅವರಿಂದಲೇ ಆಗಬೇಕಿತ್ತು. ಹಳೆಯ ಕಾಲದಲ್ಲಿ ಪಾಟೀಲ–ಕುಲಕರ್ಣಿಗಳು ಮಾಡುತ್ತಿದ್ದ ವರದಿಯ ಕೆಲಸವು ಅಧಿಕಾರವಿಲ್ಲದ, ಸಂಬಳವೂ ಇಲ್ಲದೆ ಗೌರವಧನ ಮಾತ್ರ ಪಡೆಯುವ ಹೆಣ್ಣುಮಕ್ಕಳ ಹೆಗಲಿಗೆ ಬಿತ್ತು. 2020ರ ಜುಲೈ 10ರಿಂದ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿಗಳ ಗೌರವಧನವನ್ನೂ ಸುರಕ್ಷತೆಯ ಸಾಮಗ್ರಿಯನ್ನೂ ಕೇಳಿ ಕೆಲಸ ನಿಲ್ಲಿಸಿದರು. ಪ್ರಯೋಗಾಲಯಗಳ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳುವಾಗ ಈ ಮುಷ್ಕರವನ್ನು ಮರೆಯುವ ಬರಹಗಳೇ ಹೆಚ್ಚು. ಕಡ್ಡಿಯ ಇನ್ನೊಂದು ತುದಿಗೆ ಮನುಷ್ಯರನ್ನು ಕರೆತರುವವರಿಲ್ಲದೆ ಯಂತ್ರ ಏನನ್ನು ಪರೀಕ್ಷಿಸೀತು?

ಪರೀಕ್ಷೆಯ ಉತ್ತರವು ಹಳ್ಳಿಗೇ ಬಂದದ್ದು ಆ್ಯಂಟಿಜೆನ್ ಕಿಟ್ಟಿನಿಂದ. 2020ರ ಜೂನ್ 14ರಂದು ಸಂಶೋಧನಾ ಮಂಡಳಿಯು ಅದಕ್ಕೆ ಅನುಮತಿ ಕೊಟ್ಟಿತು. ಅರ್ಧ ಗಂಟೆಯೊಳಗೆ, ವಿದ್ಯುತ್ತಿಲ್ಲದೆ, ಅಂಗಳದಲ್ಲಿ ನಿಂತಂತೆಯೇ ಫಲಿತಾಂಶ. ಅದರ ದೋಷವೂ ಗೊತ್ತಿತ್ತು: ಮಂಡಳಿಯದೇ ಪರಿಶೀಲನೆಯಲ್ಲಿ ಸೋಂಕಿರುವವರಲ್ಲಿ ಅದು ಗುರುತಿಸಿದ್ದು ಶೇ. 50ರಿಂದ 84ರಷ್ಟು ಜನರನ್ನು. ಲಕ್ಷಣಗಳಿದ್ದೂ ನೆಗೆಟಿವ್ ಬಂದವರ ಮಾದರಿ ಮತ್ತೆ ದೊಡ್ಡ ಪ್ರಯೋಗಾಲಯಕ್ಕೆ ಹೋಗಬೇಕೆಂಬುದು ನಿಯಮ. ಬರಿಗಣ್ಣಿನಿಂದ ಇಲಿಯನ್ನು ಪರೀಕ್ಷಿಸಿದವರ ವಂಶಕ್ಕೆ ಸೇರಿದ ವಿಧಾನವಿದು. ನಿಖರತೆ ಸ್ವಲ್ಪ ಕಡಿಮೆಯಾದರೂ ಉತ್ತರ ಬೇಗ ಸಿಗುತ್ತದೆ, ಸಿಕ್ಕುವುದು ಇದ್ದಲ್ಲಿಯೇ.

ಪರೀಕ್ಷೆಯ ಬದಲು ಮುಚ್ಚುವುದು ಎಷ್ಟು ಸುಲಭವೆಂಬುದಕ್ಕೆ ಸವದತ್ತಿಯ ಯಲ್ಲಮ್ಮನಗುಡ್ಡವೇ ಸಾಕ್ಷಿ. ಮಹಾರಾಷ್ಟ್ರದಿಂದಲೂ ಆಂಧ್ರ–ತೆಲಂಗಾಣಗಳಿಂದಲೂ ಲಕ್ಷಗಟ್ಟಲೆ ಜನ ಬರುವ ಆ ಕ್ಷೇತ್ರವು 2020ರಲ್ಲಿ ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡಿತು. ಭಂಡಾರ, ಬಳೆ, ಕಾಯಿಗಳ ಅಂಗಡಿಯವರ ಬದುಕೂ ಅದರೊಂದಿಗೆ ಮುಚ್ಚಿತು. ಚುನಾವಣೆಯನ್ನು ಮಾತ್ರ ಮುಚ್ಚಲಾಗಲಿಲ್ಲ. ಬೆಳಗಾವಿಯ ಲೋಕಸಭಾ ಸದಸ್ಯರೂ ಕೇಂದ್ರದ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿ ಅವರಿಗೆ 2020ರ ಸೆಪ್ಟೆಂಬರ್ 11ರಂದು ಪಾಸಿಟಿವ್ ಬಂತು. ತಾವು ಆರಾಮವಾಗಿರುವುದಾಗಿ ಅವರೇ ತಿಳಿಸಿದ್ದರು. ಹನ್ನೆರಡು ದಿನಗಳ ತರುವಾಯ ದಿಲ್ಲಿಯಲ್ಲಿ ತೀರಿಕೊಂಡರು. ದೇಶದ ಅತ್ಯುತ್ತಮ ಆಸ್ಪತ್ರೆ, ತಕ್ಷಣದ ಪರೀಕ್ಷೆ ಎರಡೂ ಲಭ್ಯವಿದ್ದವರು ಅವರು. ಅವರಿಂದ ತೆರವಾದ ಸ್ಥಾನಕ್ಕೆ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳು ಮತದಾನ ಮಾಡಿದ್ದು 2021ರ ಏಪ್ರಿಲ್ 17ರಂದು, ಎರಡನೆಯ ಅಲೆ ಏರುತ್ತಿದ್ದ ದಿನಗಳಲ್ಲಿ. ಕಿತ್ತೂರು ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ಸೇರಿರುವುದರಿಂದ ಅಲ್ಲಿ ಮತದಾನವಿರಲಿಲ್ಲ.

ಎರಡನೆಯ ಅಲೆ ಹಳ್ಳಿಗಳದ್ದು. ಮೇ ತಿಂಗಳಲ್ಲಿ ಸರಕಾರವು ಎರಡು ಕ್ರಮಗಳನ್ನು ಹೆಚ್ಚುಕಡಿಮೆ ಒಟ್ಟಿಗೇ ಕೈಗೊಂಡಿತು. ‘ವೈದ್ಯರ ನಡೆ ಹಳ್ಳಿ ಕಡೆ’ ಎಂಬ ಹೆಸರಿನಲ್ಲಿ ಸಂಚಾರಿ ತಂಡಗಳು ಆ್ಯಂಟಿಜೆನ್ ಕಿಟ್ ಹಿಡಿದು ಊರೂರಿಗೆ ಹೊರಟವು. ಇನ್ನೊಂದು ಕಡೆ, ಗ್ರಾಮೀಣ ಭಾಗದಲ್ಲಿ ಸೋಂಕಿತರನ್ನು ಮನೆಯಲ್ಲಿ ಬಿಡದೆ ಕೋವಿಡ್ ಆರೈಕೆ ಕೇಂದ್ರಗಳಿಗೆ ಸೇರಿಸಬೇಕೆಂಬ ಆದೇಶವಾಯಿತು. ಒಂದೇ ಕೋಣೆಯ ಮನೆಯಲ್ಲಿ ಆರೇಳು ಜನ ಇರುವಾಗ ಈ ಆದೇಶಕ್ಕೆ ವೈದ್ಯಕೀಯ ಸಮರ್ಥನೆ ಇದ್ದೇ ಇದೆ. ಆದರೆ ಮುಂಗಾರಿನ ಬಿತ್ತನೆಗೆ ಹೊಲ ಹದ ಮಾಡುವ ದಿನಗಳವು. ಎತ್ತುಗಳಿಗೆ ನೀರು ತೋರಿಸುವವರಾರು ಎಂದು ಕೇಳುವ ರೈತನ ಬಾಗಿಲಿಗೆ ಕಿಟ್ಟು ಬಂದಾಗ ಅವನಿಗೆ ಕಾಣುವುದು ಕಿಟ್ಟಲ್ಲ, ಅದರ ಹಿಂದಿರುವ ವಾಹನ. ಇಲಿ ಬಿದ್ದ ಕಾಲದಲ್ಲಿ ಅವನ ಮುತ್ತಜ್ಜ ಎತ್ತುಗಳನ್ನೂ ಸಂಗಡವೇ ಹೊಡೆದುಕೊಂಡು ಹೊಲಕ್ಕೆ ಹೋಗಿದ್ದನು.

2021ರ ಅಕ್ಟೋಬರ್ 25ರಂದು ಉದ್ಘಾಟನೆಯಾದ 64,180 ಕೋಟಿ ರೂಪಾಯಿಗಳ ಆಯುಷ್ಮಾನ್ ಭಾರತ ಆರೋಗ್ಯ ಮೂಲಸೌಕರ್ಯ ಯೋಜನೆಯು ಜಿಲ್ಲೆಗೊಂದು ಸಮಗ್ರ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯವನ್ನೂ ಬ್ಲಾಕ್ ಮಟ್ಟದಲ್ಲಿ ಸಾರ್ವಜನಿಕ ಆರೋಗ್ಯ ಘಟಕಗಳನ್ನೂ ಸ್ಥಾಪಿಸುವ ಮಾತನಾಡಿದೆ. ಅಂದಿನ ಸಂಪಗಾಂವ ತಾಲೂಕಿನ ಊರುಗಳು ಈಗ ಬೈಲಹೊಂಗಲ, ಕಿತ್ತೂರು ಎಂದು ಬೇರೆ ಬೇರೆ ತಾಲೂಕುಗಳಲ್ಲಿವೆ. ಪರಸಗಡದ ನೆಲದಲ್ಲಿ ಸವದತ್ತಿಯ ಜೊತೆಗೆ ಯರಗಟ್ಟಿಯೂ ತಾಲೂಕಾಗಿದೆ. ತಹಶೀಲ್ದಾರರ ಕಚೇರಿಗಳ ಫಲಕಗಳು ಬದಲಾಗಿವೆ. ಬೆಳಗಾವಿಯಿಂದ ರಾಮದುರ್ಗ ಮೊದಲಿನಷ್ಟೇ ದೂರದಲ್ಲಿದೆ.